ಹಳೆಯ ಅರಿವೆ, ಹೊಸ ಕೌದಿ

ಮನೆಯ ಮಂದಿ ಕಚೇರಿಗೂ ಶಾಲೆಗೂ ಹೊರಟುಹೋಗಿ ಓಣಿಯ ಗದ್ದಲವಡಗಿದ ಮೇಲೆ, ಬೆಳಗಿನ ಹತ್ತು ಹನ್ನೊಂದರ ಸುಮಾರಿಗೆ, ಕೊಪ್ಪಳದ ಬೀದಿಗಳಲ್ಲಿ ಒಂದು ಕೂಗು ಕೇಳಿಬರುವುದುಂಟು: “ಹಳೇ ಅರಿವಿ ಕೊಟ್ಟು ಭಾಂಡೆ ತಗೋರೀ, ಭಾಂಡೇ!” ತಲೆಯ ಮೇಲಿನ ಬುಟ್ಟಿಯಲ್ಲಿ ಥಳಥಳಿಸುವ ಸ್ಟೀಲಿನ ಡಬ್ಬಿ, ಬೋಗುಣಿ, ಪ್ಲಾಸ್ಟಿಕ್ಕಿನ ಬಕೀಟು; ಹೆಗಲಿಗೆ ತೂಗುಬಿದ್ದ ಹಳೆಯ ಬಟ್ಟೆಗಳ ಗಂಟು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಓದುಗರಿಗೂ ಈ ಕೂಗು ಅಪರಿಚಿತವಲ್ಲ. ಕಪಾಟಿನ ತಳದಲ್ಲಿ ವರ್ಷಗಟ್ಟಲೆ ಮುದುಡಿ ಬಿದ್ದಿದ್ದ ಸೀರೆ, ಅಂಗಿ, ಧೋತರಗಳು ಕಟ್ಟೆಯ ಮೇಲೆ ಬಂದು ಬೀಳುತ್ತವೆ; ಚೌಕಾಸಿ ಮೊದಲಾಗುತ್ತದೆ.

“ಇವು ಬರೇ ಪಾಲಿಯೆಸ್ಟರ್ ಅದಾವ್ರೀ ಅಕ್ಕಾರ, ಇವಕ್ಕ ಈ ಸಣ್ಣ ಬೋಗುಣಿ ಬರ್ತೈತಿ. ನೂಲಿನವು ಇದ್ರ ತರ್ರಿ, ದೊಡ್ಡ ಡಬ್ಬಿ ಕೊಡ್ತೀನಿ.”

“ಯವ್ವಾ, ಈ ಸೀರಿ ಎರಡು ಸಲಾನೂ ಉಟ್ಟಿಲ್ಲ!”

“ಉಟ್ಟಿಲ್ಲ ಖರೆ. ಆದ್ರ ಹತ್ತಿ ಅಲ್ಲಲ್ಲರೀ.”

ಕಾಲೇಜು ಮೆಟ್ಟಿಲು ಹತ್ತದ ಆ ಹೆಂಗಸಿಗೆ ಬಟ್ಟೆಯ ವಿಷಯದಲ್ಲಿರುವ ಜ್ಞಾನವು ಕೊಂಡುಟ್ಟವರಿಗೆ ಇಲ್ಲದಿರುವುದು ಸೋಜಿಗವಲ್ಲ. ಆಕೆಗೆ ಅದು ಹೊಟ್ಟೆಯ ಪ್ರಶ್ನೆ. ಹಾಗೆ ಕೂಡಿಸಿದ ಗಂಟಿನಿಂದ ಇನ್ನೂ ಉಡಲು ಬರುವ ಬಟ್ಟೆಗಳು ಬೇರೆಯಾಗಿ, ಒಗೆದು ಇಸ್ತ್ರಿಯಾಗಿ, ವಾರದ ಸಂತೆಯ ತಾಡಪತ್ರಿಯ ಮೇಲೆ ರಾಶಿಯಾಗಿ ಬೀಳುತ್ತವೆ. ಹರಿದ ನೂಲಿನ ಬಟ್ಟೆ ಯಂತ್ರಗಳ ಎಣ್ಣೆ ಒರೆಸಲು ಕಾರ್ಖಾನೆ, ಗ್ಯಾರೇಜುಗಳಿಗೆ ಹೋಗುತ್ತದೆ. ಭಾಂಡೆ ಕೊಟ್ಟು ಬಟ್ಟೆ ಕೊಳ್ಳುವ ಈ ವ್ಯಾಪಾರದಲ್ಲಿ ತಲೆಮಾರುಗಳಿಂದ ನುರಿತವರು ಗುಜರಾತಿನ ವಾಘ್ರಿ ಜನ. ದಿಲ್ಲಿಯ ರಘುಬೀರ ನಗರದಲ್ಲಿ ಅವರ ಹಳೆಯ ಬಟ್ಟೆಯ ದೊಡ್ಡ ಪೇಟೆಯೇ ಇದೆ. ಇನ್ನು ಹಳೆಯ ಉಣ್ಣೆಯ ಕೋಟು, ಸ್ವೆಟರುಗಳಿಗೆ ಹರಿಯಾಣದ ಪಾನಿಪತ್ ತವರು. ಪರದೇಶಗಳಿಂದ ಹಡಗಿನಲ್ಲಿ ಬಂದ ಉಣ್ಣೆಯ ಬಟ್ಟೆಗಳನ್ನು ಅಲ್ಲಿ ಚಿಂದಿ ಮಾಡಿ, ಎಳೆ ಬಿಡಿಸಿ, ಮತ್ತೆ ನೂತು ಕಂಬಳಿ ನೇಯುತ್ತಾರೆ. ಚಳಿಗಾಲದಲ್ಲಿ ಅಗ್ಗದ ದರಕ್ಕೆ ಮನೆ ಬಾಗಿಲಿಗೇ ಬರುವ ಬಣ್ಣಬಣ್ಣದ ಬ್ಲಾಂಕೆಟ್ಟುಗಳಲ್ಲಿ ಎಷ್ಟೋ ಹೀಗೆ ಒಂದು ಜನ್ಮ ಮುಗಿಸಿ ಎರಡನೆಯದಕ್ಕೆ ಬಂದವು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಅಜ್ಜಿಯ ಕಾಲದ ಜರಿ ಸೀರೆಯನ್ನು ಸ್ಟೀಲಿನ ಡಬ್ಬಿಗೆ ಕೊಟ್ಟು ಲಾಭವಾಯಿತೆಂದು ಹಿಗ್ಗುವವರಿದ್ದಾರೆ. ಅಸಲು ಜರಿಯಲ್ಲಿ ರೇಷ್ಮೆಯ ಎಳೆಗೆ ಸುತ್ತಿದ ಬೆಳ್ಳಿಯ ತಂತಿಯೂ ಅದರ ಮೇಲೆ ಚಿನ್ನದ ಲೇಪವೂ ಇರುತ್ತವೆ. “ಹಳೇ ಜರಿ ಸೀರೆ ಕೊಳ್ಳುತ್ತೇವೆ” ಎಂದು ಊರೂರು ತಿರುಗುವವರು ಕೊಳ್ಳುವುದು ಸೀರೆಯನ್ನಲ್ಲ, ಅದನ್ನು ಸುಟ್ಟರೆ ಉಳಿಯುವ ಬೆಳ್ಳಿಯನ್ನು. ಈಚಿನ ಸೀರೆಗಳಲ್ಲಿ ತಾಮ್ರದ ಜರಿಯೂ ಪ್ಲಾಸ್ಟಿಕ್ಕಿನ ಜರಿಯೂ ಹೆಚ್ಚು. ಅಂಚಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದರೆ ಪ್ಲಾಸ್ಟಿಕ್ಕು ಕೂಡಲೇ ಮುದುಡಿ ಕರಗುತ್ತದೆ. ಮುದುಡದಿದ್ದರೆ ಪರಿಚಯದ ಅಕ್ಕಸಾಲಿಗನಿಗೆ ಒಮ್ಮೆ ತೋರಿಸಿದ ನಂತರವೇ ಮುಂದಿನ ಮಾತು.

ಜರಿಯ ಕಥೆ ಅಪರೂಪದ್ದು. ದಿನನಿತ್ಯ ಕೈಬಿಟ್ಟು ಹೋಗುವ ಸಂಪತ್ತು ಮೆತ್ತನೆಯ ಹಳೆಯ ಹತ್ತಿ ಸೀರೆ. ಭಾಂಡೆಯವಳು ಅದನ್ನೇಕೆ ಕೇಳುತ್ತಾಳೆಂಬುದು ತಿಳಿಯಬೇಕಾದರೆ ಈ ನಾಡಿನ ಹಾಸಿಗೆಯನ್ನು ಬಿಚ್ಚಿ ನೋಡಬೇಕು.

ಕೌದಿಯ ಕಾಯಕ

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯಿಲ್ಲದೆ ಹುಟ್ಟಿಲ್ಲ, ಬಾಣಂತನವಿಲ್ಲ. ತೊಟ್ಟಿಲಿಗೆ ಅಂಗೈಯಗಲದ ತುಂಡುಗಳ ಪುಟ್ಟ ಕೌದಿ, ಬೀಗರು ಬಂದರೆ ಹಾಸಲು ಹೊಸದಾದ ದೊಡ್ಡ ಕೌದಿ, ಹೊಲಕ್ಕೆ ಕಾವಲು ಹೋಗುವವನ ಹೆಗಲಿಗೆ ಹಳೆಯ ಕೌದಿ. ಸಂಸ್ಕೃತದ ‘ಕಂಥಾ’ ಎಂಬ ಮಾತು ಕನ್ನಡದಲ್ಲಿ ‘ಕಂಥೆ’ಯಾಗಿ, ತೇಪೆ ಹಚ್ಚಿದ ಜೋಗಿಯ ಬಟ್ಟೆಗೆ ಹೆಸರಾಯಿತು. ಬಂಗಾಳದವರು ಹಳೆಯ ಸೀರೆಗಳನ್ನು ಪದರ ಮಾಡಿ ಹೊಲಿಯುವ ‘ಕಾಂಥಾ’ವೂ ಅದೇ ಬಳಗದ್ದು. ಬಿಹಾರದಲ್ಲಿ ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ. ಸಮುದ್ರದಾಚೆಯ ಜಪಾನಿನಲ್ಲಿ ರೈತರು ತೇಪೆಯ ಮೇಲೆ ತೇಪೆಯಿಟ್ಟು ಹೊಲಿದ ‘ಬೊರೊ’ ಬಟ್ಟೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಕುಳಿತಿವೆ. ಹೊಲಿಗೆಯನ್ನು ಕೀಳು ಕೆಲಸವೆಂದು ಬಗೆಯುವವರು ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರೂ ಒಬ್ಬರಿದ್ದರೆಂಬುದನ್ನು ನೆನೆಯಬಹುದು.

ಕೌದಿಯ ರಚನೆ ನೋಡಲು ಸರಳ. ತಳಕ್ಕೆ ಗಟ್ಟಿಯಾಗಿರುವ ಸೀರೆಯೊಂದು. ನಡುವೆ ಹರಿದವು, ಮಾಸಿದವು, ಒಡಹುಟ್ಟಿದವರೆಲ್ಲ ಉಟ್ಟು ಸವೆದವು. ಮೇಲೆ ಕಣ್ಣಿಗೆ ಚೆಲುವಾದ ತುಂಡುಗಳು. ಇವನ್ನೆಲ್ಲ ನೆಲದ ಮೇಲೆ ಹರಡಿ, ಸುಕ್ಕು ತೀಡಿ, ಅಂಚು ಮಡಿಚಿ, ದಪ್ಪ ಸೂಜಿಯಿಂದ ಸಾಲುಸಾಲಾಗಿ ಹೊಲಿಯುತ್ತ ಹೋಗುವುದು. ಸಾಲು ಹೊರ ಅಂಚಿನಿಂದ ಮೊದಲಾಗಿ ಸುತ್ತುಸುತ್ತಿ ಒಳಕ್ಕೆ ಬರುತ್ತದೆ. ಹೊಲಿಯುವವಳು ಬಟ್ಟೆಯ ಮೇಲೆಯೇ ಕುಳಿತು ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿಯುತ್ತಾಳೆ. ಚೌಕಟ್ಟಿಲ್ಲ, ಗೆರೆ ಹಾಕುವ ಸೀಸದ ಕಡ್ಡಿಯಿಲ್ಲ. ಆದರೂ ಸಾಲು ಡೊಂಕಾಗುವುದಿಲ್ಲ.

ಮನೆಯಲ್ಲಿ ಹೊಲಿಯುವವರು ಕಡಿಮೆಯಾದಂತೆ ಈ ಕೆಲಸ ಊರೂರು ತಿರುಗುವ ಗೊಂದಳಿ ಮುಂತಾದ ಸಮುದಾಯಗಳ ಹೆಂಗಸರ ಪಾಲಿಗೆ ಬಂದಿತು. ಬೇಸಿಗೆಯಲ್ಲಿ ಗುಡಿಯ ಕಟ್ಟೆಯ ಮೇಲೋ ಬೇವಿನ ಮರದ ನೆರಳಿನಲ್ಲೋ ಇಬ್ಬರು ಮೂವರು ಎದುರುಬದುರಾಗಿ ಕುಳಿತು ಹೊಲಿಯುವುದನ್ನು ಯಲಬುರ್ಗಾದ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು. ಬಟ್ಟೆ ಮನೆಯವರದು, ಕೂಲಿ ಅವರದು. ಆ ಕೂಲಿಯ ಚೌಕಾಸಿಯೇ ಮನಸ್ಸಿಗೆ ಕಹಿಯಾಗುವ ಸಂಗತಿ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅರ್ಧ ಅಂಗುಲಕ್ಕೊಂದು ಸಾಲಿನಂತೆ ಹೊಲಿದರೆ ಸಾಲುಗಳ ಒಟ್ಟು ಉದ್ದ 280 ಗಜ. ಅಂಗುಲಕ್ಕೆ ನಾಲ್ಕು ಹೊಲಿಗೆಯೆಂದರೆ ನಲವತ್ತು ಸಾವಿರಕ್ಕೂ ಮಿಕ್ಕು ಸಲ ಸೂಜಿ ಚುಚ್ಚಬೇಕು. ಒಂದೊಂದಕ್ಕೆ ಎರಡೇ ಸೆಕೆಂಡು ಹಿಡಿದರೂ ಬರೇ ಚುಚ್ಚುವುದಕ್ಕೆ 22 ಗಂಟೆಗಳಾಗುತ್ತವೆ. ದಾರ ಪೋಣಿಸುವುದು, ಪದರ ಹೊಂದಿಸುವುದು, ಬೆನ್ನು ನೇರ ಮಾಡಿಕೊಳ್ಳುವುದು ಇವೆಲ್ಲ ಬೇರೆ. ನಗರದ ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವ ಸಂಸಾರವಂದಿಗರು, ಕಟ್ಟೆಯ ಮೇಲೆ ಕುಳಿತವಳೊಡನೆ ಐವತ್ತು ರೂಪಾಯಿಗಾಗಿ ಅರ್ಧ ಗಂಟೆ ವಾದಿಸುವುದನ್ನು ಮಿತವ್ಯಯವೆಂದು ಕರೆಯಲಾಗದು.

ಈ ಜಿಲ್ಲೆಯ ಕೌದಿಗೆ ಒಂದು ವಿಶೇಷವಿದೆ: ಅದರ ಹೊಟ್ಟೆಯಲ್ಲಿ ಇಳಕಲ್ಲಿನ ಸೀರೆ ಇರುವುದು. ಇಳಕಲ್ಲು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ ಕುಷ್ಟಗಿಗೆ ತೀರ ಹತ್ತಿರ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳಲ್ಲಿಯೂ ಕೊಪ್ಪಳಕ್ಕೆ ಅಂಟಿದ ಭಾಗ್ಯನಗರದಲ್ಲಿಯೂ ಮಗ್ಗಗಳ ಸದ್ದು ಉಂಟು. ಇಳಕಲ್ ಸೀರೆಯ ಮೈ ನೂಲು, ಸೆರಗು ಕೆಂಪು ರೇಷ್ಮೆ. ಮೈಯ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಒಂದೊಂದೆಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಅಲ್ಲಿನ ನೇಕಾರಿಕೆಯ ಹೆಗ್ಗಳಿಕೆ. ‘ಟೋಪಿ ತೆನಿ’ ಸೆರಗನ್ನು ಗುರುತಿಸದ ಹಿರಿಯ ಹೆಂಗಸು ಈ ಸೀಮೆಯಲ್ಲಿ ಸಿಗಲಾರಳು. ಎಂಟು, ಒಂಬತ್ತು ಗಜದ ಈ ಸೀರೆ ಹತ್ತಾರು ವರ್ಷ ಉಟ್ಟು ಒಗೆದ ಮೇಲೆ ಬೆಣ್ಣೆಯಂತಾಗುತ್ತದೆ. ಮೈ ಜಾಳಾದರೂ ಅಂಚು ಅಳ್ಳಾಡುವುದಿಲ್ಲ. ಅಂಥ ಸೀರೆಯನ್ನು ಒಳಗಿಟ್ಟು ಹೊಲಿದ ಕೌದಿ ಬೇಸಿಗೆಯಲ್ಲಿ ಬೆವರು ಹೀರುತ್ತದೆ, ಚಳಿಗಾಲದಲ್ಲಿ ಬೆಚ್ಚಗಿಡುತ್ತದೆ. ಪಾಲಿಯೆಸ್ಟರಿನ ಸೀರೆಗೆ ಈ ಎರಡೂ ಗುಣವಿಲ್ಲ. ಅದು ಜಾರುತ್ತದೆ, ಬೆವರಿಗೆ ಅಂಟುತ್ತದೆ. ಹೊಲಿಯುವವಳ ಸೂಜಿಗೂ ಸರಿಯಾಗಿ ಒಗ್ಗುವುದಿಲ್ಲ. ಉಡುವ ಸೀರೆ ಬದಲಾದಂತೆ ಕೌದಿಯೂ ಬಡವಾಗುತ್ತಿದೆ.

ಕಲೆಯ ಲೋಕ ಈ ಚಿಂದಿಯನ್ನು ಬಹುಕಾಲ ತಿರುಗಿ ನೋಡಲಿಲ್ಲ. ನೋಡಿದ ಮೇಲೆ ಬೆರಗಾಯಿತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವರ ಕೌದಿಯ ನಾಲ್ಕು ಮೂಲೆಗೂ ತ್ರಿಕೋನದ ಬಟ್ಟೆಗಳನ್ನು ಮಡಿಚಿ ಹಚ್ಚಿದ ‘ಫೂಲ’ ಇರಬೇಕು. ಇಲ್ಲದಿದ್ದರೆ ಕೌದಿ ಬತ್ತಲೆಯೆಂದು ಅವರ ಭಾವನೆ. ತುಂಗಭದ್ರೆಯ ಆಚೆಯ ಸಂಡೂರಿನ ಲಂಬಾಣಿ ಹೆಂಗಸರದು ಇನ್ನೊಂದು ದಾರಿ. ಚೂರುಪಾರು ಬಟ್ಟೆಗಳನ್ನು ಕೂಡಿಸಿ, ಕನ್ನಡಿ ಕವಡೆ ಹಚ್ಚಿ ಕಸೂತಿ ಹಾಕುವ ಅವರ ಕೈಕೆಲಸದ 1755 ವಸ್ತುಗಳು 2023ರ ಜುಲೈಯಲ್ಲಿ, ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಒಂದೆಡೆ ಪ್ರದರ್ಶಿತವಾಗಿ ಗಿನ್ನೆಸ್ ದಾಖಲೆಗೆ ಸೇರಿದವು. ಕೊಪ್ಪಳ ತಾಲ್ಲೂಕಿನದೇ ಆದ ಕಿನ್ನಾಳದ ಗೊಂಬೆಗಳಲ್ಲಿಯೂ ಚಿಂದಿ ಅಡಗಿದೆಯೆಂದರೆ ಕೆಲವರು ನಂಬಲಾರರು. ಗೋಣಿಯ ಚಿಂದಿಯನ್ನು ನೆನೆಹಾಕಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಹಾಗೂ ಹುಣಸೆಬೀಜದ ಅಂಟಿನೊಡನೆ ಕಲಸಿದ ‘ಕಿಟ್ಟ’ದಿಂದಲೇ ಚಿತ್ರಗಾರರು ಗೊಂಬೆಯ ಮೈ ತುಂಬುತ್ತಾರೆ.

ಸಂತೆಯಲ್ಲಿ ಕಣ್ಣು ತೆರೆದಿರಲಿ

ಮನೆಯಲ್ಲಿ ಹಳೆಯ ನೂಲಿನ ಬಟ್ಟೆ ಇಲ್ಲದವರು ಸಂತೆಯ ರಾಶಿಗೆ ಕೈಹಾಕಬಹುದು. ಅದರಲ್ಲಿ ನಾಚುವಂಥದೇನೂ ಇಲ್ಲ. ಬಳ್ಳಾರಿಯ ಜೀನ್ಸ್ ಉದ್ಯಮ ದೇಶಕ್ಕೆ ಗೊತ್ತು. ಪಕ್ಕದ ಗಂಗಾವತಿಯವರಿಗೆ ಜೀನ್ಸಿನ ಚೂರು ದೊರೆಯುವುದು ಕಷ್ಟವಲ್ಲ. ದರ್ಜಿಯ ಅಂಗಡಿಯ ಮೂಲೆಯಲ್ಲಿ ಬೀಳುವ ಕತ್ತರಿಕೆಗಳನ್ನು ಮಾತು ಚೆನ್ನಾಗಿದ್ದರೆ ಪುಕ್ಕಟೆಯಾಗಿಯೇ ತರಬಹುದು. ಅನೇಕ ದೇವಿಯ ಗುಡಿಗಳಲ್ಲಿ ಭಕ್ತರು ಒಪ್ಪಿಸಿದ ಸೀರೆಗಳನ್ನು ಆಗಾಗ ಹರಾಜು ಮಾಡುವುದುಂಟು. ಅಲ್ಲಿಯ ಸೀರೆ ಹೊಸದು, ಬೆಲೆ ಹಳೆಯದು.

ರಾಶಿಯಿಂದ ಬಟ್ಟೆ ಆರಿಸುವಾಗ ಬಣ್ಣಕ್ಕೆ ಮರುಳಾಗದೆ ಅದನ್ನೆತ್ತಿ ಬೆಳಕಿಗೆ ಹಿಡಿಯಬೇಕು. ಎಳೆ ಜಾಳಾಗಿದ್ದರೆ, ಸಣ್ಣ ತೂತುಗಳಿದ್ದರೆ ಬಯಲಾಗುತ್ತದೆ. ಎರಡೂ ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲನೆ ಎಳೆದಾಗ ಪರ್ರೆಂದರೆ ಅಂಥದನ್ನು ಕೆಳಗಿಡುವುದೇ ಲೇಸು. ರೇಷ್ಮೆಯಾದರೆ ಮಡಿಕೆಯ ಗೆರೆಯನ್ನು ನೋಡಬೇಕು, ಹಳೆಯ ರೇಷ್ಮೆ ಹರಿಯುವುದು ಅಲ್ಲಿಂದಲೇ. ಅಂಗಿಯಾದರೆ ಕಂಕುಳು ಮತ್ತು ಕಾಲರು. ನೂಲೋ ಅಲ್ಲವೋ ಎಂಬ ಸಂಶಯವಿದ್ದರೆ ಮನೆಗೆ ತಂದ ಮೇಲೆ ಒಂದೆಳೆ ಸುಟ್ಟು ನೋಡುವುದು: ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ತಂದ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಬೆರೆಸುವ ಮೊದಲು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಬೇಕು. ಕೊಪ್ಪಳದ ಬಿಸಿಲನ್ನು ಬೈಯುವವರೇ ಎಲ್ಲರೂ. ತಿಗಣೆಯ ಶತ್ರುವಾದ ಆ ಬಿಸಿಲಿಗೆ ಇದೊಂದು ಕೆಲಸಕ್ಕಾದರೂ ಋಣಿಯಾಗಿರಬೇಕು. ಬಣ್ಣ ಬಿಡುವುದೋ ಎಂದು ತಿಳಿಯಲು ಒದ್ದೆ ಬಿಳಿಯ ಬಟ್ಟೆಯಿಂದ ಮೂಲೆಯಲ್ಲಿ ಉಜ್ಜಿದರೆ ಸಾಕು.

ಹಳೆಯ ವಸ್ತುಗಳಲ್ಲಿ ಅತ್ಯುತ್ತಮ ಕೊಳ್ಳುಗೆ ಯಾವುದೆಂದು ಕೇಳಿದರೆ ಕಬ್ಬಿಣದ ಮೈಯ ಕಪ್ಪು ಹೊಲಿಗೆ ಯಂತ್ರ. ಅಮೇರಿಕೆಯ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದುದು 1851ರಲ್ಲಿ. ಯಂತ್ರಗಳನ್ನು ಟೀಕಿಸುತ್ತಿದ್ದ ಗಾಂಧೀಜಿ 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿ ರಾಮಚಂದ್ರನ್ ಅವರೊಡನೆ ಮಾತನಾಡುವಾಗ ಈ ಒಂದು ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಿಂದ ಹೊಲಿದು ಬಳಲುವುದನ್ನು ಕಂಡ ಸಿಂಗರನ ಪ್ರೀತಿಯೇ ಅದರ ಹಿಂದಿದೆಯೆಂದು ಅವರ ನಂಬಿಕೆ. ಒಂದಕ್ಕಿಂತ ಹೆಚ್ಚು ಸಂಸಾರ ಹೂಡಿದ್ದ ಆ ನಾಟಕದ ನಟನ ಚರಿತ್ರೆ ಅಷ್ಟು ಚೆಲುವಾದುದಲ್ಲ. ಆದರೆ ಯಂತ್ರ ಒಳ್ಳೆಯದೆಂಬುದರಲ್ಲಿ ಗಾಂಧೀಜಿಯವರ ಮಾತು ಸುಳ್ಳಾಗಲಿಲ್ಲ. ಹಳೆಯ ಯಂತ್ರ ಕೊಳ್ಳುವವರು ಚಕ್ರ ತಿರುಗಿಸಿ ನೋಡಬೇಕು. ಅದು ಕಿರುಗುಟ್ಟಿದರೆ ಎಣ್ಣೆಯಿಂದ ಸರಿಹೋದೀತು, ಅಡ್ಡಾಡಿದರೆ ಸರಿಹೋಗದು. ಎರಡು ಪದರ ಬಟ್ಟೆಯನ್ನು ಅಲ್ಲಿಯೇ ಹೊಲಿಸಿ, ಮೇಲೆಯೂ ಕೆಳಗೆಯೂ ಹೊಲಿಗೆ ಒಂದೇ ಸಮನಾಗಿದೆಯೇ ಎಂದು ನೋಡದೆ ಹಣ ಬಿಚ್ಚಬಾರದು.

ಮೊದಲ ಹೊಲಿಗೆ

ಯಂತ್ರವಿಲ್ಲದಿದ್ದರೂ ಕೆಲಸ ನಿಲ್ಲದು. ಕಲಿಯುವವರು ಕುಬುಸದಿಂದ ಮೊದಲು ಮಾಡುವುದೇ ದೊಡ್ಡ ತಪ್ಪು. ಅಳತೆ ಕೆಟ್ಟರೆ ಬಟ್ಟೆಯೂ ಹೋಯಿತು, ಉತ್ಸಾಹವೂ ಹೋಯಿತು. ನೇರ ಗೆರೆಯ ಕೆಲಸವೇ ಮೊದಲ ಪಾಠ. ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಬಂದಾಗ ಅಲ್ಲಿನ ಸರಕಾರ ಹಳೆಯದನ್ನೇ ರಿಪೇರಿ ಮಾಡಿ ತೊಡುವ ಬಗೆಯನ್ನು ಕಲಿಸಲು 1943ರಲ್ಲಿ ಕಿರುಹೊತ್ತಗೆಯನ್ನೇ ಹಂಚಿತು. ಹಿಂದೂಸ್ಥಾನದಲ್ಲಿಯೂ ಬಟ್ಟೆಯ ನಿಯಂತ್ರಣ ಬಂದುದು ಅದೇ 1943ರಲ್ಲಿ. ಆ ದಿನಗಳನ್ನು ಕಂಡ ಹಿರಿಯರ ಮನೆಗಳಲ್ಲಿ ಎರಡು ಉಪಾಯಗಳು ಬಹುಕಾಲ ಉಳಿದವು. ನಡುವೆ ಸವೆದ ಹೊದಿಕೆಯನ್ನು ಉದ್ದಕ್ಕೆ ಸೀಳಿ, ಗಟ್ಟಿಯಾದ ಎರಡು ಹೊರ ಅಂಚುಗಳನ್ನು ನಡುವೆ ತಂದು ಜೋಡಿಸುವುದು ಒಂದು. ಅಂಗಿಯ ಕಾಲರು ಮಡಿಕೆಯಲ್ಲಿ ಹರಿದಾಗ ಹೊಲಿಗೆ ಬಿಚ್ಚಿ, ಕಾಲರನ್ನು ತಿರುವಿ, ಅದೇ ಗೆರೆಯ ಮೇಲೆ ಮತ್ತೆ ಹೊಲಿಯುವುದು ಇನ್ನೊಂದು. ಎರಡೂ ಒಂದು ಮಧ್ಯಾಹ್ನದ ಕೆಲಸ.

ಕೈಚೀಲಕ್ಕೆ 16 ಅಂಗುಲ ಅಗಲ, 19 ಅಂಗುಲ ಉದ್ದದ ಎರಡು ತುಂಡು ಬೇಕು. ಸೀರೆ ತೆಳುವಾಗಿದ್ದರೆ ಎರಡೆರಡು ಪದರ. ಮೊದಲು ಬಟ್ಟೆಯ ಒಳಮೈಗಳು ಒಂದಕ್ಕೊಂದು ಮುಖಮಾಡುವಂತೆ ಇಟ್ಟು ಮೂರು ಬದಿಗೆ ಕಾಲು ಅಂಗುಲ ಬಿಟ್ಟು ಹೊಲಿಯಬೇಕು. ಆಮೇಲೆ ಚೀಲವನ್ನು ಒಳಹೊರಗು ಮಾಡಿ, ಅದೇ ಬದಿಗಳಿಗೆ ಇನ್ನೊಂದು ಹೊಲಿಗೆ, ಈ ಸಲ ಅರ್ಧ ಅಂಗುಲಕ್ಕಿಂತ ತುಸು ಕಡಿಮೆ ಬಿಟ್ಟು. ಹೀಗೆ ಮಾಡಿದರೆ ಕತ್ತರಿಸಿದ ಅಂಚು ಒಳಗೇ ಮುಚ್ಚಿಹೋಗಿ ಎಳೆ ಬಿಡುವುದಿಲ್ಲ. ಬಾಯಿಯನ್ನು ಅರ್ಧ ಅಂಗುಲ ಒಮ್ಮೆ, ಒಂದು ಅಂಗುಲ ಇನ್ನೊಮ್ಮೆ ಮಡಿಚಿ ಹೊಲಿಯುವುದು. ಹಿಡಿಕೆಗೆ 4 ಅಂಗುಲ ಅಗಲ, 24 ಅಂಗುಲ ಉದ್ದದ ಪಟ್ಟಿಯ ಎರಡೂ ಅಂಚನ್ನು ನಡುವಿಗೆ ತಂದು ಮತ್ತೆ ಮಡಿಚಿದರೆ ಒಂದಂಗುಲದ ಗಟ್ಟಿ ಪಟ್ಟಿಯಾಗುತ್ತದೆ. ಅದನ್ನು ಚೀಲಕ್ಕೆ ಹಚ್ಚುವ ಕಡೆ ಚೌಕವಾಗಿ ಹೊಲಿದು, ಚೌಕದ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕದಿದ್ದರೆ ಎರಡು ಸೇರು ಉಳ್ಳಾಗಡ್ಡಿಯ ಭಾರಕ್ಕೇ ಹಿಡಿಕೆ ಕೈಗೆ ಬರುತ್ತದೆ.

ಕೈ ಸ್ವಲ್ಪ ಪಳಗಿದ ಮೇಲೆ ತೊಟ್ಟಿಲ ಕೌದಿ. ಐದೂವರೆ ಮೀಟರಿನ ಹತ್ತಿ ಸೀರೆಯೊಂದನ್ನು ಅಡ್ಡಲಾಗಿ 34 ಅಂಗುಲಕ್ಕೊಂದರಂತೆ ಕತ್ತರಿಸಿದರೆ ಆರು ತುಂಡು ಬರುತ್ತವೆ. ಜೀರ್ಣವಾದ ಭಾಗ ಬಿಟ್ಟರೂ ನಾಲ್ಕು ಪದರಕ್ಕೆ ಮೋಸವಿಲ್ಲ. ನಾಲ್ಕನ್ನೂ ನೆಲದ ಮೇಲೆ ಒಂದರ ಮೇಲೊಂದು ಹಾಸಿ, ನಡುವಿನಿಂದ ನಾಲ್ಕು ಬದಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಯಬೇಕು. ಇಲ್ಲದಿದ್ದರೆ ಪದರಗಳು ಜರುಗಿ ಕೌದಿ ಗಂಟುಗಂಟಾಗುತ್ತದೆ. ಸುತ್ತಲೂ ಒಂದೊಂದು ಅಂಗುಲ ಒಳಕ್ಕೆ ಮಡಿಚಿ ಅಂಚಿನ ಸಾಲು ಮೊದಲು. ಅಲ್ಲಿಂದ ಅರ್ಧ ಅಂಗುಲಕ್ಕೊಂದು ಸಾಲು ಒಳಕ್ಕೆ ಸಾಗುತ್ತದೆ. ದಾರ ನೂಲಿನದು, ಎರಡೆಳೆ. ಗಂಟು ಪದರದೊಳಗೆ ಅಡಗಿರಬೇಕು, ಕೂಸಿನ ಮೈಗೆ ಒತ್ತಬಾರದು. ಕನ್ನಡಿ, ಗುಂಡಿ, ಜರಿ ಎಷ್ಟೇ ಚೆಲುವಾದರೂ ತೊಟ್ಟಿಲಿನಲ್ಲಿ ಬೇಡ. ಕಚ್ಚಾ ದಾರವನ್ನು ಕೊನೆಯಲ್ಲಿ ಕಿತ್ತು ತೆಗೆಯುವುದನ್ನು ಮರೆಯುವವರು ಬಹಳ.

ದೊಡ್ಡ ಕೌದಿ ಹೊಲಿಯುವ ಹುಮ್ಮಸ್ಸು ಬಂದವರು ಒಂದು ಕೌದಿಯನ್ನಾದರೂ ಕಟ್ಟೆಯ ಮೇಲಿನ ಹೆಂಗಸರ ಜೊತೆ ಕುಳಿತು, ಅವರಿಗೆ ಸಲ್ಲುವ ಕೂಲಿ ಕೊಟ್ಟು, ಕಲಿತು ಹೊಲಿಯುವುದು ಮೇಲು. ಬೆರಳಿನ ಆ ಹದ ಯಾವ ಲೇಖನದಿಂದಲೂ ಬರುವುದಿಲ್ಲ. ತೊಳೆಯುವುದನ್ನು ಮಾತ್ರ ಮಳೆಗಾಲಕ್ಕೆ ಇಟ್ಟುಕೊಳ್ಳಬಾರದು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು, ಮಾಳಿಗೆಯ ಗೋಡೆಯ ಮೇಲೆ ಹರಡಿ ಎರಡು ಬಿಸಿಲು ತೋರಿಸಬೇಕು. ಒಳಪದರದ ತೇವ ಪೂರ್ತಿ ಆರಿತೆಂದು ಕೈಯಿಂದ ಒತ್ತಿ ನೋಡಿದ ಮೇಲೆ, ಮಡಿಕೆಗಳ ನಡುವೆ ಒಣಗಿದ ಬೇವಿನೆಲೆ ಹಾಕಿ ಪೆಟ್ಟಿಗೆಯಲ್ಲಿಡಬಹುದು.